ಬಲಗೈಯ ಕತ್ತಿ, ಎಡಗೈಯ ಕೆಲಸ

ಮಡಚುವ ಕತ್ತಿಯಿಂದ ನಾನೇ ಗಡ್ಡ ಹೆರೆದುಕೊಳ್ಳುತ್ತೇನೆ ಎಂದು ತಿಳಿದವರು ಮೊದಲು ನೋಡುವುದು ನನ್ನ ಕುತ್ತಿಗೆಯನ್ನು. ಅನಂತರ ಕೇಳುವುದು ಕೈ ನಡುಗುವುದಿಲ್ಲವೇ ಎಂದು. ಎಲ್ಲವೂ ಕತ್ತಿ ಹಿಡಿದ ಕೈಯ ಧೈರ್ಯದ ಮೇಲೆ ನಿಂತಿದೆ ಎಂಬ ಭಾವನೆ ಕಲಿಯುವ ಮುಂಚೆ ನನಗೂ ಇತ್ತು. ಈಗ ನೋಡಿದರೆ ಬಲಗೈಗೆ ಇಲ್ಲಿರುವ ಕೆಲಸ ತೀರ ಕಡಿಮೆ. ಮುಖವನ್ನು ಕಾಯುವುದು ಚರ್ಮವನ್ನು ಎಳೆದು ಹಿಡಿಯುವ ಎಡಗೈ, ಮತ್ತು ಕನ್ನಡಿಯ ಮುಂದೆ ನಿಲ್ಲುವ ಮುನ್ನವೇ ಮುಗಿದಿರಬೇಕಾದ ಮಸೆತ.

ನಮ್ಮ ಸಲೂನುಗಳಲ್ಲಿ ಈಗ ಸಾಮಾನ್ಯವಾಗಿ ಕಾಣುವ ಕತ್ತಿಗೆ ಸ್ವಂತ ಅಲಗಿಲ್ಲ. ಅರ್ಧಕ್ಕೆ ಮುರಿದ ಬ್ಲೇಡನ್ನು ಸಿಕ್ಕಿಸಿ, ಒಬ್ಬರಿಗೆ ಬಳಸಿ, ಎಸೆಯುತ್ತಾರೆ. ರಕ್ತದಿಂದ ಹರಡುವ ಸೋಂಕುಗಳನ್ನು ನೆನೆದರೆ ಅಂಗಡಿಯಲ್ಲಿ ಅದೇ ಸರಿ. ಆದರೆ ಅಗ್ಗವೆಂಬ ಕಾರಣಕ್ಕೆ ಅದರಿಂದಲೇ ಕಲಿಕೆ ಆರಂಭಿಸುವವರಿಗೆ ನನ್ನ ಸಹಮತವಿಲ್ಲ. ಅದು ಹಗುರ, ಬ್ಲೇಡಿನ ಮೂಲೆಗಳು ಚೂಪು, ಕೋನ ಸ್ವಲ್ಪ ತಪ್ಪಿದರೂ ಚರ್ಮ ಕೊಯ್ಯುತ್ತದೆ. ಇಡೀ ಉಕ್ಕಿನ ಅಲಗಿರುವ ಕತ್ತಿಗೆ ತನ್ನದೇ ತೂಕವಿರುವುದರಿಂದ ಒತ್ತುವ ಅಗತ್ಯವೇ ಬೀಳುವುದಿಲ್ಲ. ಅಲಗಿನ ಅಗಲವನ್ನು ಇಂಚಿನ ಎಂಟನೆಯ ಭಾಗಗಳಲ್ಲಿ ಹೇಳುವ ರೂಢಿಯಿದೆ. ಹೊಸಬರಿಗೆ 5/8 ಇಂಚಿನದು, ಅದರಲ್ಲೂ ತುದಿ ದುಂಡಗಿರುವುದು, ಅನುಕೂಲ. ಜರ್ಮನಿಯ ಸೋಲಿಂಗೆನ್ ಪಟ್ಟಣ ಈ ಕಸುಬಿಗೆ ಹೆಸರಾದದ್ದು. ಆ ಹೆಸರನ್ನು ಬೇರೆಯವರು ಕತ್ತಿಗಳ ಮೇಲೆ ಅಚ್ಚು ಹಾಕದಂತೆ 1938ರಲ್ಲಿಯೇ ಅಲ್ಲಿ ಕಾನೂನು ಬಂದಿತು. ಇಂಗ್ಲೆಂಡಿನ ಶೆಫೀಲ್ಡಿನ ಹಳೆಯ ಕತ್ತಿಗಳೂ ಮಾರಾಟಕ್ಕೆ ಸಿಗುತ್ತವೆ, ಆದರೆ ಬಾಯಿಯ, ಎಂದರೆ ಹರಿತವಾದ ಅಂಚಿನ, ಹತ್ತಿರ ತುಕ್ಕು ತಿಂದ ಗುಳಿಗಳಿದ್ದರೆ ಅವು ಗಾಜಿನ ಕಪಾಟಿಗೆ ಮಾತ್ರ ಲಾಯಕ್ಕು. ಇನ್ನು, ಹಣ ಉಳಿಯುತ್ತದೆಂದು ನಂಬಿ ಯಾರೂ ಇದಕ್ಕೆ ಇಳಿಯಬಾರದು. ಕತ್ತಿ, ಚರ್ಮದ ಪಟ್ಟಿ, ಸಾಣೆಕಲ್ಲುಗಳಿಗೆ ಕೊಡುವ ಹಣದಲ್ಲಿ ಹಲವು ವರ್ಷಗಳ ಬ್ಲೇಡು ಬರುತ್ತದೆ.

ಹೊಸ ಕತ್ತಿ ಪೆಟ್ಟಿಗೆಯಿಂದ ಹೊರಬಂದ ಕೂಡಲೇ ಗಡ್ಡ ಹೆರೆಯುವಷ್ಟು ಹರಿತವಾಗಿರುತ್ತದೆ ಎಂದು ಭಾವಿಸುವಂತಿಲ್ಲ. ಇದನ್ನು ಮಸೆಯುವ ಕ್ರಮದಲ್ಲಿ ಒಂದು ಜಾಣತನ ಅಡಗಿದೆ: ಅಲಗಿನ ಬೆನ್ನು ದಪ್ಪವಾಗಿರುವುದರಿಂದ, ಬೆನ್ನು ಮತ್ತು ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಸಾಕು, ಕೋನ ತಾನಾಗಿಯೇ ನಿಲ್ಲುತ್ತದೆ. 1000 ಗ್ರಿಟ್‌ನ (ಈ ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು) ಕಲ್ಲಿನಲ್ಲಿ ಎರಡು ಬದಿಯ ಇಳಿಜಾರುಗಳನ್ನು ಕೂಡಿಸಿ, 4000 ಮತ್ತು 8000ವನ್ನು ದಾಟಿ, 12000ದ ನುಣುಪಿನವರೆಗೆ ಹೋಗುವುದು ವಾಡಿಕೆ. ಕಲಿಯುವವನು ಕ್ಷೌರವನ್ನೂ ಮಸೆತವನ್ನೂ ಒಟ್ಟಿಗೆ ಹಿಡಿದರೆ ಉರಿದದ್ದು ಕೋನ ತಪ್ಪಿದ್ದಕ್ಕೋ ಕತ್ತಿ ಮೊಂಡಾಗಿದ್ದಕ್ಕೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಆದ್ದರಿಂದ ಮೊದಲ ಮಸೆತವನ್ನು ಬಲ್ಲವರಿಂದ ಮಾಡಿಸುವುದೇ ಮೇಲು. ಆದರೆ ಬೀದಿಯಲ್ಲಿ ಚಕ್ರ ತಿರುಗಿಸುತ್ತ ಅಡುಗೆಮನೆಯ ಚಾಕುವಿಗೆ ಸಾಣೆ ಹಿಡಿಯುವವರ ಕೈಗೆ ಇದನ್ನು ಕೊಡಬಾರದು. ಆ ಒಣ ಚಕ್ರದ ಕಾವಿಗೆ ತೆಳುವಾದ ಅಲಗಿನ ಹದವೇ ಕೆಟ್ಟುಹೋಗುತ್ತದೆ.

ಕಲ್ಲಿನ ಕೆಲಸ ಹಲವು ತಿಂಗಳಿಗೊಮ್ಮೆ, ಪಟ್ಟಿಯ ಕೆಲಸ ಪ್ರತಿ ಸಲ. ಹಿಂದೆ ಕ್ಷೌರಿಕರು ಗೋಡೆಗೆ ತೂಗುಹಾಕಿರುತ್ತಿದ್ದ ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೆಯಬೇಕು. ಕೊನೆ ಮುಟ್ಟಿದಾಗ ಬೆನ್ನಿನ ಮೇಲೆಯೇ ಹೊರಳಿಸಿ ಮರಳಬೇಕು. ಬಾಯಿಯ ಕಡೆಯಿಂದ ಹೊರಳಿಸಿದರೆ ಪಟ್ಟಿಯೂ ಹಾಳು, ಕತ್ತಿಯೂ ಹಾಳು. ಇಲ್ಲಿ ವೇಗಕ್ಕೆ ಬೆಲೆಯಿಲ್ಲ, ಪಟ್ಟಿ ಬಿಗಿಯಾಗಿರುವುದಕ್ಕೆ ಇದೆ. ಮೆತ್ತಗಿನ ಕೂದಲು ಉಕ್ಕನ್ನು ಹೇಗೆ ಕೆಡಿಸುತ್ತದೆ ಎಂಬ ನನ್ನ ಬಹುಕಾಲದ ಸಂಶಯಕ್ಕೆ ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಸಿಕ್ಕಿತು. ಅವರು ಪರೀಕ್ಷಿಸಿದ್ದು ಸಾಮಾನ್ಯ ರೇಜರ್ ಬ್ಲೇಡುಗಳನ್ನು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿಯಾಗಿದ್ದರೂ, ಕೂದಲು ಓರೆಯಾಗಿ ಬಾಗಿ ತಾಗಿದಾಗ ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆಗಳಲ್ಲಿ ಅಂಚಿನಿಂದ ಸೂಕ್ಷ್ಮ ಚಕ್ಕೆಗಳು ಏಳುವುದನ್ನು ಅವರು ಕಂಡರು.

ಕೂದಲನ್ನು ಮೆತ್ತಗಾಗಿಸುವುದು ನೀರು. ಸೋಪು ಆ ನೀರನ್ನು ಹಿಡಿದಿಡುತ್ತದೆ, ಅಷ್ಟೇ. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಗಡ್ಡವನ್ನು ನೆನೆಸಿ ಬ್ರಷ್ಷಿನಿಂದ ನೊರೆ ಎಬ್ಬಿಸಬೇಕು. ಬೆಂಗಳೂರಿನ ನನ್ನ ಮನೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಈ ನೊರೆ ನಿಲ್ಲುವುದೇ ಇಲ್ಲ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಬಿಳಿಯ ಕಿಟ್ಟವಾಗುತ್ತವೆ. ಕುಡಿಯಲು ಶೋಧಿಸಿದ ನೀರನ್ನು ಒಂದು ಲೋಟ ಇಟ್ಟುಕೊಂಡರೆ ಈ ತೊಂದರೆ ತಪ್ಪುತ್ತದೆ.

ಇನ್ನು ಕತ್ತಿ ಹಿಡಿಯುವ ಬಗೆ. ಹಿಡಿಯನ್ನು ಪೂರ್ತಿ ತೆರೆದು, ಅಲಗಿನ ಬುಡದ ಉಕ್ಕಿನ ಮೇಲೆ ಮೂರು ಬೆರಳು, ಕೆಳಗಡೆ ಹೆಬ್ಬೆರಳು, ಬಾಲದಂತೆ ಬಾಗಿದ ಕೊನೆಯ ಮೇಲೆ ಕಿರುಬೆರಳು. ಕೃತಾವಿನ ಕೆಳಗೆ ಅಲಗನ್ನು ಕೆನ್ನೆಗೆ ಚಪ್ಪಟೆಯಾಗಿ ಮಲಗಿಸಿ, ಬೆನ್ನನ್ನು ಸುಮಾರು 30 ಡಿಗ್ರಿ ಎತ್ತಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಗಿಡ್ಡ ಎಳೆತಗಳಲ್ಲಿ ಇಳಿಸಬೇಕು. ಅಲಗನ್ನು ಅದರ ಉದ್ದಕ್ಕೆ, ಎಂದರೆ ಗರಗಸ ಎಳೆದಂತೆ, ಎಂದಿಗೂ ಸರಿಸಬಾರದು; ಆಳವಾದ ಗಾಯಗಳು ಆಗುವುದು ಹಾಗೆ. ಈ ಎಲ್ಲದಕ್ಕೂ ಮೊದಲು ಎಡಗೈಯ ಬೆರಳುಗಳು ಕಿವಿಯ ಬಳಿ ಚರ್ಮವನ್ನು ಮೇಲಕ್ಕೆ ಎಳೆದಿರಬೇಕು. ಸಡಿಲವಾದ ಚರ್ಮ ಅಲಗಿನ ಮುಂದೆ ಮಡಿಕೆಯಾಗುತ್ತದೆ, ಬಿಗಿದ ಚರ್ಮದ ಮೇಲೆ ಅಲಗು ಜಾರುತ್ತದೆ. ಬೆರಳು ನೊರೆಯಿಂದ ಜಾರುತ್ತಿದ್ದರೆ ಒರೆಸಿಕೊಂಡು ಮತ್ತೆ ಹಿಡಿಯಬೇಕೇ ಹೊರತು ಹೇಗೋ ಆಗಲಿ ಎಂದು ಮುಂದುವರಿಯಬಾರದು.

ಎಡಗೆನ್ನೆಗೆ ಬಂದಾಗ ಬಲಗೈ ಮುಖಕ್ಕೆ ಅಡ್ಡ ಬಂದು ಕನ್ನಡಿಯನ್ನು ಮರೆಮಾಡುತ್ತದೆ. ಕತ್ತಿಯನ್ನು ಎಡಗೈಗೆ ಬದಲಿಸಿ ಎಂಬುದು ಹಳಬರ ಸಲಹೆ. ಸಲಹೆ ಸರಿಯೇ, ಆದರೆ ಚರ್ಮ ಹಿಡಿಯುವ ವಿದ್ಯೆಯನ್ನು ಬಲಗೈ ಮೊದಲಿನಿಂದ ಕಲಿಯಬೇಕಾಗುತ್ತದೆ. ಕುತ್ತಿಗೆಯಲ್ಲಿ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಬೆಳೆಯುವುದರಿಂದ ಅದನ್ನು ಒಣಗಡ್ಡದ ಮೇಲೆ ಬೆರಳಾಡಿಸಿ ಮುಂಚೆಯೇ ಗುರುತಿಸಿಕೊಂಡಿರಬೇಕು. ಮೊದಲ ವಾರಗಳಲ್ಲಿ ಕೆನ್ನೆಗಳಿಗೆ ಮಾತ್ರ ಕತ್ತಿ, ಗದ್ದ, ಮೇಲ್ದುಟಿ, ಕುತ್ತಿಗೆಗೆ ಮಾಮೂಲಿ ರೇಜರ್ ಎಂಬ ಹಂಚಿಕೆಯಲ್ಲಿ ಅವಮಾನವೇನೂ ಇಲ್ಲ. 1904ರಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದ ಆ ಸಾಧನದ ಹೆಚ್ಚುಗಾರಿಕೆಯೇ ಕೈಯ ಬದಲು ಯಂತ್ರವೇ ಕೋನಕ್ಕೆ ಕಡಿವಾಣ ಹಾಕುವುದು. ಗದ್ದದ ಮೂಳೆಯ ತಿರುವಿನಲ್ಲಿ ನಾನು ಈಗಲೂ ಅದನ್ನೇ ನೆಚ್ಚುತ್ತೇನೆ.

ಮುಗಿದ ಮೇಲೆ ತಣ್ಣೀರಿನಲ್ಲಿ ಮುಖ ತೊಳೆದು ಪಟಿಕದ ತುಂಡನ್ನು ಸವರಬೇಕು. ಸಣ್ಣ ಗಾಯಗಳ ರಕ್ತ ನಿಲ್ಲಿಸುವುದರ ಜತೆಗೆ ಅದು ಎಲ್ಲಿ ಹೆಚ್ಚು ಉರಿಯುತ್ತದೆಯೋ ಅಲ್ಲಿ ಒತ್ತಡವೋ ಕೋನವೋ ತಪ್ಪಿದೆ ಎಂಬ ಲೆಕ್ಕವನ್ನೂ ಕೊಡುತ್ತದೆ. ಕತ್ತಿಯನ್ನು ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಪೂರ್ತಿ ಆರಿದ ಮೇಲೆ ಮಡಚಿ, ಬಚ್ಚಲಿನಿಂದ ಹೊರಗೆ ಇಡಬೇಕು. ಕಾರ್ಬನ್ ಉಕ್ಕಿಗೆ ತೇವವೇ ಶತ್ರು. ಮಳೆಗಾಲದಲ್ಲಿ ಕರಾವಳಿಯ ಊರಿಗೆ ಹೋದಾಗ ನಾನು ಹೊಲಿಗೆ ಯಂತ್ರದ ಎಣ್ಣೆಯನ್ನು ಅಲಗಿಗೆ ಒಂದು ಹನಿ ಸವರಿ ಇಡುತ್ತೇನೆ; ಕೊಬ್ಬರಿ ಎಣ್ಣೆ ಕಾಲಕ್ರಮೇಣ ಅಂಟಾಗುವುದರಿಂದ ಅದನ್ನು ಬಳಸುವುದಿಲ್ಲ. ವಿಮಾನದಲ್ಲಿ ಹೋಗುವುದಾದರೆ ಕತ್ತಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಆದ್ದರಿಂದ ಅಂಥ ಪ್ರಯಾಣಗಳಲ್ಲಿ ಅದು ಮನೆಯಲ್ಲೇ ಉಳಿಯುತ್ತದೆ.