ಆತ್ಮ ಎಲ್ಲಿ ಹೋಯ್ತು?

"ಮೇಲಿನ ಸಾಲಲ್ಲಿ ಆತ್ಮ ಇತ್ತಲ್ಲ ಮೇಡಂ, ಕೆಳಗಿನ ಸಾಲಿಗೆ ಬರೋ ಹೊತ್ತಿಗೆ ಎಲ್ಲಿ ಹೋಯ್ತು?"

ಕಳೆದ ಶನಿವಾರ ನಮ್ಮ ಓದುಬಳಗದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಹೀಗೆ ಕೇಳಿದರು. ವಾರವಿಡೀ ಈ ಮಾತು ನನ್ನನ್ನು ಬಿಟ್ಟಿಲ್ಲ.

ಓದುತ್ತಿದ್ದದ್ದು ಅಮ್ಮೋನಿಯಸ್‌ನನ್ನು. ಸುಮಾರು ಕ್ರಿ.ಶ. 500ರ ಹೊತ್ತಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಅರಿಸ್ಟಾಟಲ್‌ನ ಪಾಠ ಹೇಳುತ್ತಿದ್ದವನು. ಅರಿಸ್ಟಾಟಲ್‌ನ ತರ್ಕಗ್ರಂಥ 'ಪ್ರಯರ್ ಅನಲಿಟಿಕ್ಸ್' ಬಗ್ಗೆ ಅಮ್ಮೋನಿಯಸ್ ಹೇಳಿದ್ದನ್ನು ಶಿಷ್ಯನೊಬ್ಬ ಬರೆದುಕೊಂಡಿದ್ದಾನೆ. ಶುರುವಿನ ಭಾಗ ಮಾತ್ರ ಉಳಿದಿದೆ. ಅದರಲ್ಲೇ ಒಂದು ಹಳೇ ಜಗಳ ಬರುತ್ತದೆ. ತರ್ಕ ತತ್ವಶಾಸ್ತ್ರದ ಭಾಗವೋ, ಬರೀ ಉಪಕರಣವೋ? ಗ್ರೀಕ್ ತತ್ವಜ್ಞಾನಿಗಳ ಒಂದು ಪಂಥವಾದ ಸ್ಟೋಯಿಕರು ಭಾಗ ಅಂದರು. ಅರಿಸ್ಟಾಟಲ್‌ನ ಹಾದಿಯವರು ಉಪಕರಣ ಅಂದರು. ಅಮ್ಮೋನಿಯಸ್ ಪ್ಲೇಟೋ ಕಡೆ ನಿಂತು ಎರಡೂ ಹೌದು ಅನ್ನುತ್ತಾನೆ. ನಿಜವಾದ ವಿಷಯಗಳನ್ನು ಇಟ್ಟುಕೊಂಡು ವಾದ ಹೂಡಿದರೆ ತರ್ಕ ಭಾಗ. ವಿಷಯ ತೆಗೆದು ಬರೀ ನಿಯಮ ಉಳಿಸಿಕೊಂಡರೆ ಉಪಕರಣ.

ಇದನ್ನು ತೋರಿಸೋಣ ಅಂತ ಬೋರ್ಡಿನ ಮೇಲೆ ಎರಡು ಸಾಲು ಬರೆದೆ. ಮೇಲೆ, ಪ್ಲೇಟೋನ 'ಫೀಡ್ರಸ್'ನಲ್ಲಿರುವ ವಾದ: ಸದಾ ಚಲಿಸುವುದಕ್ಕೆ ಸಾವಿಲ್ಲ, ಆತ್ಮ ಸದಾ ಚಲಿಸುತ್ತದೆ, ಆದ್ದರಿಂದ ಆತ್ಮಕ್ಕೆ ಸಾವಿಲ್ಲ. ಕೆಳಗೆ: ಎಲ್ಲ 'ಬಿ'ಯೂ 'ಎ', ಎಲ್ಲ 'ಸಿ'ಯೂ 'ಬಿ', ಆದ್ದರಿಂದ ಎಲ್ಲ 'ಸಿ'ಯೂ 'ಎ'.

ಆಗಲೇ ಅವರು ಕೇಳಿದ್ದು. ನಾನು ಬಾಯಿ ತೆರೆಯುವ ಮೊದಲೇ ಸಾಫ್ಟ್‌ವೇರ್ ಕೆಲಸದ ಹುಡುಗ ಉತ್ತರ ಕೊಟ್ಟ. "ಸರ್, 'ಸಿ' ಜಾಗದಲ್ಲಿ ಏನು ಬೇಕಾದ್ರೂ ಹಾಕ್ಕೋಬಹುದು. ಅಷ್ಟೇ."

ಹುಡುಗ ಜಾಣ, ಹೇಳಿದ್ದೂ ಸರಿ. ಆದರೆ ಆ "ಅಷ್ಟೇ" ನನಗೆ ಹಿಡಿಸಲಿಲ್ಲ. ಹಿರಿಯರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, "ಮೇಲಿನ ಸಾಲು ಓದಿದಾಗ ನಿಜ ಇರಬಹುದಾ ಅಂತ ಆಸೆ ಆಗುತ್ತೆ. ಕೆಳಗಿನದಕ್ಕೆ ಆಗಲ್ಲ" ಅಂದರು. ಅಮ್ಮೋನಿಯಸ್ ಹೇಳುವ ವ್ಯತ್ಯಾಸವನ್ನು ನಾನು ಇಷ್ಟು ಚೆನ್ನಾಗಿ ಹೇಳಲಾರೆ.

ಹಾಗಂತ ಖಾಲಿ 'ಸಿ' ಸಣ್ಣದಲ್ಲ. ಅಮ್ಮೋನಿಯಸ್‌ನ ಊರನ್ನು ನೆನೆಸಿಕೊಳ್ಳಿ. ಗಣಿತ, ತತ್ವಶಾಸ್ತ್ರ ಕಲಿಸುತ್ತಿದ್ದ ಹೈಪೇಷಿಯಾಳನ್ನು ಕ್ರೈಸ್ತರ ಗುಂಪೊಂದು ಕೊಂದದ್ದು ಅದೇ ಊರಲ್ಲಿ, 415ರಲ್ಲಿ. ಅಮ್ಮೋನಿಯಸ್ ಹಳೇ ಗ್ರೀಕ್ ದೇವತೆಗಳ ಕಡೆಯವನು, ಎದುರಿಗೆ ಕೂತವರಲ್ಲಿ ಕ್ರೈಸ್ತರೂ ಇದ್ದರು. ದುಡ್ಡಿನಾಸೆಗೆ ಬಿಷಪ್ ಜೊತೆ ಒಪ್ಪಂದ ಮಾಡಿಕೊಂಡ ಅಂತ ಆ ಕಾಲದ ತತ್ವಜ್ಞಾನಿ ಡಮಾಸ್ಕಿಯಸ್ ಬೈದು ಬರೆದಿದ್ದಾನೆ. ಡಮಾಸ್ಕಿಯಸ್‌ನ ನಾಲಿಗೆ ತುಂಬಾ ಜನರ ಮೇಲೆ ಹರಿದಿದೆ, ಹಾಗಾಗಿ ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಅಂಥ ಕೋಣೆಯಲ್ಲಿ ಆತ್ಮದ ಬಗ್ಗೆ ಎಲ್ಲರೂ ಒಪ್ಪುವುದು ಕಷ್ಟ. 'ಸಿ' ಬಗ್ಗೆ ಒಪ್ಪಬಹುದು. ಅಮ್ಮೋನಿಯಸ್ ಬಳಿ ಕಲಿತ ಕ್ರೈಸ್ತ ಫಿಲೋಪೋನಸ್ 529ರಲ್ಲಿ, ಜಗತ್ತಿಗೆ ಆದಿಯೇ ಇಲ್ಲ ಎಂಬ ವಾದವನ್ನು ಎದುರಿಸಿ ದೊಡ್ಡ ಪುಸ್ತಕ ಬರೆದ. ಆ ವಾದ ಪ್ರೋಕ್ಲಸ್‌ನದು, ಅಂದರೆ ಅವನ ಗುರುವಿನ ಗುರುವಿನದು! ಅಲೆಕ್ಸಾಂಡ್ರಿಯಾದಲ್ಲೇ ಕಲಿತ ವೈದ್ಯ, ರೆಷೈನಾದ ಸೆರ್ಗಿಯಸ್ ಈ ತರ್ಕವನ್ನು ಸಿರಿಯಾಕ್ ಭಾಷೆಗೆ ಒಯ್ದ. ಮುಂದೆ ಬಾಗ್ದಾದಿನಲ್ಲಿ ತತ್ವಜ್ಞಾನಿ ಅಲ್-ಫಾರಾಬಿ ಅರಬ್ಬಿಯಲ್ಲಿ ಇದರ ಮೇಲೆ ಬರೆದ. ಖಾಲಿ ಜಾಗ ಇದ್ದದ್ದಕ್ಕೇ ಅಲ್ವಾ, ಇಷ್ಟು ಜನ ತಮ್ಮ ತಮ್ಮ ಪ್ರಶ್ನೆ ತಂದು ಇಡಲು ಆದದ್ದು?

"ತರ್ಕ ಬರೀ ಟೂಲ್" ಅನ್ನುವವರನ್ನು ಕಂಡರೆ ನನಗೆ ಬೇಜಾರು. ಉಪಕರಣ ಅಂತ ಪಟ್ಟು ಹಿಡಿದ, ಅರಿಸ್ಟಾಟಲ್‌ಗೆ ವ್ಯಾಖ್ಯಾನ ಬರೆದ ಅಫ್ರೋಡಿಸಿಯಾಸ್‌ನ ಅಲೆಕ್ಸಾಂಡರ್ ಕೂಡ ಹಾಗೆ ಸುಮ್ನೆ ಬಿಡಲಿಲ್ಲ. ಏನನ್ನಾದರೂ ಸಾಧಿಸಿ ತೋರಿಸಲು ನೆರವಾದಾಗ ಮಾತ್ರ ಅದಕ್ಕೆ ಬೆಲೆ, ನೆರವಾಗದ ನಿಯಮಗಳ ಹಿಂದೆ ಬೀಳಬೇಡಿ ಅಂದ. ಅಂದರೆ ಅವನಿಗೂ 'ಸಿ' ತುಂಬಲೇಬೇಕಿತ್ತು.

ಸದಾ ಚಲಿಸುವುದಕ್ಕೆ ಸಾವಿಲ್ಲ ಅನ್ನುವುದು ನಿಜವಾ? ಎ, ಬಿ, ಸಿ ಇದಕ್ಕೆ ಉತ್ತರ ಕೊಡುವುದಿಲ್ಲ. ಬರುವ ಶನಿವಾರ ಈ ಒಂದೇ ವಾಕ್ಯದ ಮೇಲೆ ಕೂರೋಣ ಅಂತ ಎಲ್ಲರಿಗೂ ಹೇಳಿದ್ದೇನೆ. ಮೊದಲು ಮಾತಾಡಬೇಕಾದವನು ಆ ಹುಡುಗ.