ಹೋಗದೆ ಉಳಿದವರ ಲೆಕ್ಕ

14 ಜೂನ್ 2025, ಶನಿವಾರ

ತೀವ್ರ ನಿಗಾ ಘಟಕದ ನನ್ನ ಸಹೋದ್ಯೋಗಿಯೊಬ್ಬಳು ತಾನು ಅಮೆರಿಕಕ್ಕೆ ಹೋಗುವುದಿಲ್ಲವೆಂದು ಇವತ್ತು ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿಬಿಟ್ಟಳು. ಅಲ್ಲಿ ನರ್ಸ್ ಆಗಲು ಬರೆಯಬೇಕಾದ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾದವಳು. ಕೇಳಿದವರೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಸಮಾಧಾನ ಹೇಳತೊಡಗಿದರು. ಮನೆಯಲ್ಲಿ ಒಪ್ಪಲಿಲ್ಲವೇ, ದುಡ್ಡು ಹೊಂದಿಸಲಾಗಲಿಲ್ಲವೇ, ಇಂಗ್ಲಿಷಿನ ಭಯವೇ? ಅವಳಿಗೆ ಮನಸ್ಸಿಲ್ಲದಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಇಂಗ್ಲಿಷಿನ ಮಾತು ಬಂದಾಗ ನನಗೆ ನಗು ಬಂತು. ಅವಳು ಆರೋಗ್ಯ ಸಿಬ್ಬಂದಿಯ ಇಂಗ್ಲಿಷ್ ಪರೀಕ್ಷೆಯಾದ ಒಇಟಿಗೆ ತಯಾರಾಗುತ್ತಿದ್ದಾಗ ಡ್ಯೂಟಿ ರೂಮಿನಲ್ಲಿ ರೋಗಿಯ ಪಾತ್ರ ಮಾಡಿದ್ದು ನಾನೇ. ಇನ್ಸುಲಿನ್ ಬೇಡವೆಂದು ಹಟ ಹಿಡಿದ ಮುದುಕ ನಾನು. ಐದು ನಿಮಿಷದೊಳಗೆ ನನ್ನನ್ನು ಒಪ್ಪಿಸಬೇಕಾದ ನರ್ಸ್ ಅವಳು. ಸೂಜಿ ನೋವಾಗುತ್ತದೆಂದು ನಾನು ಗೊಣಗಿದರೆ ವಾದಕ್ಕಿಳಿಯದೆ, ಈ ಹಿಂದೆ ಯಾರು ಚುಚ್ಚಿದ್ದರು, ಎಲ್ಲಿ ಚುಚ್ಚಿದ್ದರು ಎಂದು ಕೇಳಿದಳು. ನಾನು ಮೂರನೇ ನಿಮಿಷಕ್ಕೇ ಒಪ್ಪಿಕೊಂಡೆ. ಹಟ ಮುಂದುವರಿಸಬೇಕಿತ್ತು ಎಂದು ಬೈಸಿಕೊಂಡದ್ದು ಬೇರೆ ಮಾತು.

ಆಮೇಲೆ ಒಬ್ಬಳೇ ಸಿಕ್ಕಾಗ ಕಾರಣ ಹೇಳಿದಳು. "ಸಿಸ್ಟರ್, ಇಲ್ಲಿ ರಾತ್ರಿ ಪಾಳಿಯಲ್ಲಿ ಡಾಕ್ಟರು ನನ್ನನ್ನು ಕೇಳುತ್ತಾರೆ. ಅಲ್ಲಿ ನಾನು ಮತ್ತೆ ಎಲ್ಲರನ್ನೂ ಕೇಳಿಕೊಂಡೇ ಕೆಲಸ ಮಾಡಬೇಕು."

ಇದನ್ನು ಅಹಂಕಾರ ಎನ್ನುವವರಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಮಾನಿಟರಿನ ಅಂಕಿಗಳೆಲ್ಲ ಸರಿಯಾಗಿದ್ದಾಗಲೂ "ಆರನೇ ಹಾಸಿಗೆಯವರು ಯಾಕೋ ಸರಿಯಿಲ್ಲ" ಎಂದು ಅವಳು ಫೋನ್ ಮಾಡಿದರೆ ಡಾಕ್ಟರು ಎದ್ದು ಬರುತ್ತಾರೆ. ಎಷ್ಟೋ ರಾತ್ರಿ ಅವಳ ಮಾತು ನಿಜವಾದ ಮೇಲೆ ಹುಟ್ಟಿದ ನಂಬಿಕೆ ಅದು. ನಮ್ಮ ಓದಿನ ಪರಿಶೀಲನೆಗೆಂದು ವಿದೇಶಕ್ಕೆ ಕಳಿಸುವ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ. ವೈದ್ಯಕೀಯ, ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ವಿಭಾಗ, ಮಾನಸಿಕ ಆರೋಗ್ಯ: ಒಂದೊಂದರಲ್ಲೂ ಪಾಠ ಎಷ್ಟು ಗಂಟೆ, ವಾರ್ಡಿನ ಕಲಿಕೆ ಎಷ್ಟು ಗಂಟೆ ಎಂದಷ್ಟೇ ಅದು ಕೇಳುತ್ತದೆ. ಬ್ರಿಟನ್ನಿಗೆ ಹೋದರೂ ಅಷ್ಟೇ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರಗಿನಿಂದ ಹೋದ ಅನುಭವಿಗಳಲ್ಲಿ ಬಹುಪಾಲು ಜನ ಶುರು ಮಾಡುವುದು ನೋಂದಾಯಿತ ನರ್ಸ್‌ಗಳ ಮೊದಲ ಸಂಬಳ ಶ್ರೇಣಿಯಾದ ಬ್ಯಾಂಡ್ 5ರಿಂದ. ಆಗಷ್ಟೇ ಪದವಿ ಮುಗಿಸಿದ ಅಲ್ಲಿನ ಹುಡುಗಿಗೂ ಅದೇ ಮೆಟ್ಟಿಲು. ತಜ್ಞ ವೈದ್ಯರ ಪಾಡೂ ಬಹಳ ಬೇರೆಯಲ್ಲ: ಇಲ್ಲಿ ವಿಭಾಗವನ್ನೇ ನಡೆಸುತ್ತಿದ್ದವರು ಅಮೆರಿಕಕ್ಕೆ ಹೋದರೆ ಸಾಮಾನ್ಯವಾಗಿ ಮತ್ತೆ ರೆಸಿಡೆನ್ಸಿಯಿಂದ, ಅಂದರೆ ಆಸ್ಪತ್ರೆಯ ತರಬೇತಿಯಿಂದ, ಆರಂಭಿಸಬೇಕು.

ಹೋಗುವವರಿಗೆ ಇದು ಗೊತ್ತಿಲ್ಲವೆಂದಲ್ಲ. ಸಂಬಳದ ಅಂತರ ಅಷ್ಟು ದೊಡ್ಡದು, ಮೆಟ್ಟಿಲು ಇಳಿದರೂ ಲಾಭವೇ. ಸಾಲ ತೀರಿಸಬೇಕಾದವರಿಗೆ, ಒಬ್ಬಳೇ ಇಪ್ಪತ್ತು ರೋಗಿಗಳನ್ನು ನೋಡಿಕೊಂಡು ಬೇಸತ್ತವರಿಗೆ ಅದೇ ಸರಿಯಾದ ದಾರಿ. ವಯಸ್ಸಾದ ತಂದೆತಾಯಿ, ಅಲ್ಲಿ ಕೆಲಸ ಸಿಗದ ಗಂಡ ಹೀಗೆ ಉಳಿಯುವುದಕ್ಕಿರುವ ಕಾರಣಗಳೂ ಎಲ್ಲರಿಗೂ ಗೊತ್ತಿರುವಂಥವೇ.

ಇನ್ನೊಂದು ಬಗೆಯವರಿದ್ದಾರೆ. ಉಳಿಯಬೇಕೆಂದು ನಿರ್ಧರಿಸದೆಯೇ ಉಳಿದವರು. ಎನ್‌ಕ್ಲೆಕ್ಸ್‌ನಲ್ಲಿ ಪ್ರಶ್ನೆಗಳು 85ಕ್ಕೇ ನಿಲ್ಲಬಹುದು, 150ರವರೆಗೂ ಎಳೆಯಬಹುದು. ಏನಿದ್ದರೂ ಐದು ಗಂಟೆಯಲ್ಲಿ ಮುಗಿಯುತ್ತದೆ. ವೀಸಾ ಸಾಲಿಗೆ ಅಂಥ ಮಿತಿಯಿಲ್ಲ. ಅದು ಮುಂದೆ ಸರಿಯುವಷ್ಟರಲ್ಲಿ ಎರಡು ವರ್ಷವಷ್ಟೇ ಲೆಕ್ಕಕ್ಕೆ ಬರುವ ಇಂಗ್ಲಿಷ್ ಫಲಿತಾಂಶದ ಅವಧಿ ಮುಗಿದಿರುತ್ತದೆ. ಮತ್ತೆ ಶುಲ್ಕ, ಮತ್ತೆ ಪರೀಕ್ಷೆ. ಈ ನಡುವೆ ಮದುವೆಯಾಗುತ್ತದೆ, ಮಗು ಶಾಲೆಗೆ ಸೇರುತ್ತದೆ, ಬಡ್ತಿ ಬರುತ್ತದೆ. ಮುಂದಿನ ವರ್ಷ ನೋಡೋಣ ಎನ್ನುತ್ತಲೇ ಇಡೀ ವೃತ್ತಿಜೀವನ ಇಲ್ಲಿಯೇ ಕಳೆಯುತ್ತದೆ. ಇವರನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

2025ರ ಮೇ ತಿಂಗಳಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದರು. ಏಳರಲ್ಲಿ ಒಬ್ಬರು ತಾವು ಕೆಲಸ ಮಾಡುವ ದೇಶದಲ್ಲಿ ಹುಟ್ಟಿದವರಲ್ಲ. ಅಂದರೆ ಆರು ಜನ ಹುಟ್ಟಿದ ದೇಶದಲ್ಲೇ ಇದ್ದಾರೆ. ಆದರೂ ಕಾರಣ ಕೊಡಬೇಕಾದವರು ಈ ಆರು ಜನವೇ ಎಂಬಂತೆ ನಮ್ಮ ಮಾತು ನಡೆಯುತ್ತದೆ.

ಉಳಿದವರನ್ನು ಹೊಗಳುವವರನ್ನು ಕಂಡರೂ ನನಗೆ ಅಷ್ಟೇ ಸಿಟ್ಟು. ತ್ಯಾಗ, ದೇಶಸೇವೆ ಎಂದು ಹಾರ ಹಾಕುವವರು ಸಂಬಳದ ಮಾತೆತ್ತಿದರೆ ಕಡತ ಮುಚ್ಚುತ್ತಾರೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ನೀತಿಸಂಹಿತೆ, ಆರೋಗ್ಯ ಸಿಬ್ಬಂದಿಯ ತೀವ್ರ ಕೊರತೆಯಿರುವ ದೇಶಗಳಿಂದ ಅವರನ್ನು ಸೆಳೆಯುವುದಕ್ಕೆ ಮುಂದಾಗಬಾರದೆಂದು ಸರ್ಕಾರಗಳಿಗೆ ಹೇಳುತ್ತದೆ. ಹೋಗಬೇಡಿ ಎಂದು ನರ್ಸ್‌ಗಳಿಗೆ ಹೇಳುವುದಿಲ್ಲ. ಕೊರತೆ ನೀಗಿಸುವ ಹೊಣೆ ನೇಮಕ ಮಾಡಿಕೊಳ್ಳಬೇಕಾದವರದು, ರಜೆ ಸಿಗದೆ ಸತತ ಪಾಳಿ ಮಾಡುವವಳದಲ್ಲ.

ನಮ್ಮ ವಾರ್ಡಿನಿಂದ ಬೇರೊಬ್ಬಳು ಸೆಪ್ಟೆಂಬರಿನಲ್ಲಿ ಹೊರಡುತ್ತಿದ್ದಾಳೆ. ಅವಳ ಅನುಭವ ಪತ್ರಕ್ಕೆ ಸೋಮವಾರ ಸಹಿ ಹಾಕುತ್ತೇನೆ. ಅವಳ ಜಾಗಕ್ಕೆ ಯಾರನ್ನು ಕೊಡುತ್ತೀರಿ ಎಂದು ಮೇಲಿನವರಿಗೆ ಎರಡನೇ ಪತ್ರವನ್ನೂ ಅಂದೇ ಬರೆಯಬೇಕು. ಮೊದಲನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ.