ರೈಡ್ ಹದಿಮೂರೂವರೆ ಗಂಟೆ, ಟೋಕನ್ ಆರೇ ಗಂಟೆ

ಬ್ರೆವೆ ಎಂದರೆ ಗಡುವಿನೊಳಗೆ ಮುಗಿಸಬೇಕಾದ ಉದ್ದದ ಸೈಕಲ್ ರೈಡ್. 200 ಕಿಲೋಮೀಟರ್ ಬ್ರೆವೆಗೆ ಇರುವ ಗಡುವು 13 ಗಂಟೆ 30 ನಿಮಿಷ. 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ರೈಡ್‌ಗಳನ್ನು ಹಂಚಿಕೊಳ್ಳುವ ತಾಣ ಸ್ಟ್ರಾವಾ ಬೇರೆ ಆ್ಯಪ್‌ಗಳಿಗೆ ಕೊಡುವ ಆಕ್ಸೆಸ್ ಟೋಕನ್ (ಬಳಕೆದಾರನ ಪರವಾಗಿ ಒಳಗೆ ಬಿಡುವ ಸಂಕೇತ) ಬದುಕುವುದು ಮಾತ್ರ 6 ಗಂಟೆ. ಬೆಳಗಿನ ಜಾವ ಹೊರಡುವಾಗ ಎಲ್ಲ ಸರಿ ಇದ್ದ ಟೋಕನ್ ಸವಾರ ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತಿಗೆ ಸತ್ತಿರುತ್ತದೆ. ರೈಡ್ ದಾಖಲಿಸಿ ಸ್ಟ್ರಾವಾಗೆ ಕಳಿಸುವ ಆ್ಯಪ್ ಬರೆಯುವವರು ಇದನ್ನು ಅಪರೂಪದ ಪ್ರಕರಣವೆಂದು ಕೊನೆಗೆ ನೋಡಿಕೊಳ್ಳುವಂತಿಲ್ಲ. ಉದ್ದದ ರೈಡ್‌ಗಳಲ್ಲಿ ಇದು ಪ್ರತಿ ಸಲವೂ ಆಗುತ್ತದೆ. 2018ರ ಅಕ್ಟೋಬರ್‌ವರೆಗೆ ಸ್ಟ್ರಾವಾ ಅವಧಿಯೇ ಮುಗಿಯದ ಟೋಕನ್ ಕೊಡುತ್ತಿತ್ತು. ಆ ಕಾಲದ ಮಾದರಿ ಕೋಡ್ ಹುಡುಕಿದರೆ ಈಗಲೂ ಸಿಗುತ್ತದೆ, ಅದನ್ನು ನಂಬಿ ಕೆಲಸ ಶುರು ಮಾಡಬೇಡಿ.

ನನ್ನ ಮಟ್ಟಿಗೆ ಇಲ್ಲಿರುವುದು ಒಂದೇ ಮುಖ್ಯ ನಿಯಮ: ರೈಡ್ ದಾಖಲಿಸುವ ಭಾಗಕ್ಕೆ ಟೋಕನ್ ಎನ್ನುವುದೊಂದು ಇದೆ ಎಂಬುದೇ ಗೊತ್ತಿರಬಾರದು. ಜಿಪಿಎಸ್ ಬಿಂದುಗಳು ಫೋನಿನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಹೋಗಲಿ, ರೈಡ್‌ಗೆ ಫೋನೇ ಯುಯುಐಡಿ ಎಂಬ, ಬೇರೆಲ್ಲೂ ಮರುಕಳಿಸದ ಗುರುತು ಕೊಡಲಿ, ನೆಟ್‌ವರ್ಕ್ ಇಲ್ಲದಿದ್ದರೂ ಲಾಗಿನ್ ಹೋಗಿದ್ದರೂ ಮುಗಿಸುವ ಬಟನ್ ಕೆಲಸ ಮಾಡಲಿ. ಟೋಕನ್ ಬೇಕಾಗುವುದು ಅಪ್‌ಲೋಡ್ ಮಾಡುವಾಗ ಮಾತ್ರ.

ಈ ನಿಯಮ ಮುರಿಯುವುದು ಹೆಚ್ಚಾಗಿ ಒಂದೇ ದಾರಿಯಲ್ಲಿ. ಆ್ಯಪ್‌ಗೆಲ್ಲ ಸೇರಿ ಒಂದು ನೆಟ್‌ವರ್ಕ್ ಪದರ ಇರುತ್ತದೆ. ಯಾವ ಉತ್ತರದಲ್ಲಿ 401 (ಈ ಗುರುತು ಒಪ್ಪಲಾಗದು ಎಂಬ ಸರ್ವರ್ ಸಂಕೇತ) ಕಂಡರೂ ಅದು ಬಳಕೆದಾರನನ್ನು ಲಾಗ್‌ಔಟ್ ಮಾಡಿ ಲಾಗಿನ್ ಪರದೆಗೆ ಕಳಿಸುತ್ತದೆ. ರೈಡ್ ಮಧ್ಯೆ ಎಲ್ಲೋ ಒಂದು ಪ್ರೊಫೈಲ್ ಚಿತ್ರ ತರಲು ಹೋಗಿ 401 ಬಂತು ಎಂದುಕೊಳ್ಳಿ. ಲಾಗ್‌ಔಟ್ ಕೋಡ್ ಲೊಕೇಶನ್ ಸರ್ವಿಸನ್ನು ನಿಲ್ಲಿಸುತ್ತದೆ, ಆಮೇಲೆ ಖಾಸಗಿ ಮಾಹಿತಿ ಅಳಿಸುವ ನೆಪದಲ್ಲಿ ಲೋಕಲ್ ಡೇಟಾಬೇಸನ್ನೂ ಒರೆಸುತ್ತದೆ. ನೂರೈವತ್ತು ಕಿಲೋಮೀಟರ್ ತುಳಿದದ್ದು ಹೋಯಿತು. ಟೋಕನ್ ಸತ್ತರೆ ಮತ್ತೆ ತರಬಹುದು, ರೈಡ್ ಮತ್ತೆ ಬರುವುದಿಲ್ಲ. ಆದ್ದರಿಂದ ಸೆಷನ್ ಮುಗಿಯುವುದು ಬೇರೆ, ಬಳಕೆದಾರ ತಾನೇ ಲಾಗ್‌ಔಟ್ ಒತ್ತುವುದು ಬೇರೆ ಎಂದು ಕೋಡಿನಲ್ಲಿ ಎರಡು ಹೆಸರು ಕೊಡಿ. ಮೊದಲನೆಯದು ಏನನ್ನೂ ಅಳಿಸಬಾರದು. ಎರಡನೆಯದು ಕೂಡ ಕಳಿಸದೆ ಉಳಿದ ರೈಡ್ ಇದೆಯೇ ಎಂದು ಮೊದಲು ನೋಡಿ, ಇದ್ದರೆ ಕೇಳಬೇಕು.

ಎರಡು ಜೋಡಿ ಟೋಕನ್

ಸ್ಟ್ರಾವಾದ ಟೋಕನ್ ವಿನಿಮಯಕ್ಕೆ ಕ್ಲೈಂಟ್ ಸೀಕ್ರೆಟ್, ಅಂದರೆ ನಿಮ್ಮ ಆ್ಯಪ್‌ಗೆ ಸ್ಟ್ರಾವಾ ಕೊಟ್ಟ ಗುಪ್ತ ಪದ, ಬೇಕು. ಅದನ್ನು ಆ್ಯಪ್‌ನೊಳಗೆ ಇಟ್ಟರೆ ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಫೈಲ್) ಬಿಚ್ಚಿ ನೋಡಬಲ್ಲ ಯಾರಿಗಾದರೂ ಸಿಗುತ್ತದೆ. ತುಂಡು ಮಾಡಿ ಸೇರಿಸಿದರೂ, ಬೇಸ್64 ಮಾಡಿದರೂ ಸಿಗುತ್ತದೆ. ಹಾಗಾಗಿ ಚಿಕ್ಕದಾದರೂ ಸರಿ, ನಿಮ್ಮದೇ ಒಂದು ಸರ್ವರ್ ಬೇಕೇ ಬೇಕು. ಟೋಕನ್ ಬರುವುದು ಜೋಡಿಯಾಗಿ: ಕರೆಗಳಿಗೆ ಬಳಸುವ ಆಕ್ಸೆಸ್ ಟೋಕನ್, ಅದು ಮುಗಿದಾಗ ಹೊಸದು ತರಲು ರಿಫ್ರೆಶ್ ಟೋಕನ್. ಸರ್ವರ್ ಬಂದಾಗ ಇಂಥವು ಎರಡು ಜೋಡಿಯಾಗುತ್ತವೆ: ಒಂದು ಫೋನಿಗೂ ನಿಮ್ಮ ಸರ್ವರ್‌ಗೂ ನಡುವೆ, ಇನ್ನೊಂದು ನಿಮ್ಮ ಸರ್ವರ್‌ಗೂ ಸ್ಟ್ರಾವಾಗೂ ನಡುವೆ. ಎರಡನೆಯ ಜೋಡಿ ಎಂದೂ ಫೋನಿಗೆ ಬರಬಾರದು. ಇವು ಬೇರರ್ ಟೋಕನ್‌ಗಳು. ದರ್ಶಿನಿಯಲ್ಲಿ ಕಾಫಿ ಟೋಕನ್ ಯಾರು ಕೌಂಟರಿಗೆ ಕೊಟ್ಟರೂ ಕಾಫಿ ಕೊಡುತ್ತಾರಲ್ಲ, ಹಾಗೆ ಇದು ಯಾರ ಕೈಯಲ್ಲಿದೆಯೋ ಅವರೇ ಬಳಕೆದಾರ.

ಸ್ಟ್ರಾವಾ ಒಪ್ಪಿಗೆ ಕೇಳುವ ಪರದೆಯನ್ನು ವೆಬ್‌ವ್ಯೂನಲ್ಲಿ (ಆ್ಯಪ್‌ನೊಳಗೇ ಇರುವ ಬ್ರೌಸರ್ ಕಿಟಕಿಯಲ್ಲಿ) ತೆರೆಯಬೇಡಿ. 2017ರ ಆರ್‌ಎಫ್‌ಸಿ 8252 ಎಂಬ ಇಂಟರ್ನೆಟ್ ನಿಯಮ ದಾಖಲೆ ಇದನ್ನು ನೇರವಾಗಿ ನಿಷೇಧಿಸಿದೆ, ಗೂಗಲ್ ಲಾಗಿನ್ ಅಂತೂ ವೆಬ್‌ವ್ಯೂ ಕಂಡರೆ ತಡೆದುಬಿಡುತ್ತದೆ. ಐಫೋನಿನಲ್ಲಿ ಎಎಸ್‌ವೆಬ್‌ಅಥೆಂಟಿಕೇಶನ್‌ಸೆಷನ್, ಆಂಡ್ರಾಯ್ಡ್‌ನಲ್ಲಿ ಕಸ್ಟಮ್ ಟ್ಯಾಬ್ ಬಳಸಿ. ಸ್ಟ್ರಾವಾ ಆ್ಯಪ್ ಫೋನಿನಲ್ಲಿ ಇದ್ದರೆ ಅದರೊಳಗೇ ಒಪ್ಪಿಗೆ ಕೇಳುವ ಮೊಬೈಲ್ ವಿಳಾಸ ಬೇರೆ ಇದೆ, ಮೊದಲು ಅದನ್ನು ಪ್ರಯತ್ನಿಸಿ. ವಾಪಸ್ ಬರುವ ಕೊಂಡಿಗೆ ನೀವೇ ಕಟ್ಟಿದ ಸ್ಕೀಮ್ (ವಿಳಾಸದ ಮೊದಲ ಭಾಗ) ಇಟ್ಟರೆ ಅದೇ ಸ್ಕೀಮನ್ನು ಇನ್ನೊಂದು ಆ್ಯಪ್ ಕೂಡ ತನ್ನದೆನ್ನಬಹುದು. ನಿಮ್ಮ ಡೊಮೇನಿಗೆ ಕಟ್ಟಿದ ಆ್ಯಪ್ ಲಿಂಕ್, ಯೂನಿವರ್ಸಲ್ ಲಿಂಕ್ ವಾಸಿ. ಸ್ಟೇಟ್ ಪ್ಯಾರಾಮೀಟರಿಗೆ ಪ್ರತಿ ಸಲ ಹೊಸ ಯಾದೃಚ್ಛಿಕ ಮೌಲ್ಯ ಹಾಕಿ, ವಾಪಸ್ ಬಂದದ್ದನ್ನು ಹೋಲಿಸಿ. ನಿಮ್ಮದೇ ಸರ್ವರಿನ ಲಾಗಿನ್‌ಗೆ ಪಿಕೆಸಿಇ, ಅಂದರೆ ಕದ್ದ ಲಾಗಿನ್ ಕೋಡ್‌ನಿಂದ ಟೋಕನ್ ಪಡೆಯದಂತೆ ತಡೆಯುವ ವಿಧಾನ, ಇರಲಿ: 43ರಿಂದ 128 ಅಕ್ಷರದ ವೆರಿಫೈಯರ್, ಅದರ ಎಸ್‌ಎಚ್‌ಎ-256 ಚಾಲೆಂಜ್.

ಅನುಮತಿಗಳಲ್ಲಿ ಅಪ್‌ಲೋಡ್‌ಗೆ ಬೇಕಾದದ್ದು ಆಕ್ಟಿವಿಟಿ ರೈಟ್ (ಬರೆಯುವ ಅನುಮತಿ) ಒಂದೇ. 'ನನಗೆ ಮಾತ್ರ' ಎಂದು ಇಟ್ಟ ರೈಡ್‌ಗಳನ್ನೂ ಓದಬೇಕಿದ್ದರೆ ಆಕ್ಟಿವಿಟಿ ರೀಡ್ ಆಲ್ ಬೇಕು, ಅಗತ್ಯವಿಲ್ಲದಿದ್ದರೆ ಅದನ್ನು ಕೇಳಲೇಬೇಡಿ. ಇಲ್ಲೊಂದು ಸೂಕ್ಷ್ಮ ಇದೆ. ಒಪ್ಪಿಗೆಯ ಪರದೆಯಲ್ಲಿ ಬಳಕೆದಾರ ಒಂದೊಂದೇ ಟಿಕ್ ತೆಗೆಯಬಹುದು, ಆದರೂ ಟೋಕನ್‌ಗೆ ಬದಲಾಯಿಸಿಕೊಳ್ಳುವ ಕೋಡ್ ಬರುತ್ತದೆ, ಟೋಕನ್ ಬರುತ್ತದೆ, ಎಲ್ಲ ಯಶಸ್ವಿ ಎಂದೇ ಕಾಣುತ್ತದೆ. ವಾಪಸ್ ಬರುವ ಕೊಂಡಿಯಲ್ಲಿ ಯಾವ ಸ್ಕೋಪ್ (ಅನುಮತಿ) ಒಪ್ಪಿದ್ದಾರೆ ಎಂದು ಇರುತ್ತದೆ, ಅದನ್ನು ಓದಿ ದಾಖಲಿಸಿಕೊಳ್ಳಿ. ರೈಟ್ ಇಲ್ಲದಿದ್ದರೆ ಆಗಲೇ ಹೇಳಿ. ಸಂಜೆ ರೈಡ್ ಮುಗಿದ ಮೇಲೆ ಹೇಳಿದರೆ ಯಾರಿಗೂ ಹಿತವಲ್ಲ.

ಜೇಬಿನಲ್ಲಿ ಲಾಕ್ ಆಗಿರುವ ಫೋನ್

ರೈಡ್ ಆ್ಯಪ್‌ಗಳಿಗೆ ಹೆಚ್ಚಾಗಿ ಬರುವ ತೊಂದರೆ ಇದು. ಫೋನ್ ಜರ್ಸಿಯ ಜೇಬಿನಲ್ಲಿ ಲಾಕ್ ಆಗಿ ಗಂಟೆಗಟ್ಟಲೆ ಕೂತಿರುತ್ತದೆ, ಆ್ಯಪ್ ಮಾತ್ರ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಐಫೋನಿನ ಕೀಚೈನಿನಲ್ಲಿ (ಗುಪ್ತ ಮಾಹಿತಿಯ ಉಗ್ರಾಣದಲ್ಲಿ) ಟೋಕನ್ ಇಡುವಾಗ 'ವೆನ್ ಅನ್‌ಲಾಕ್ಡ್' ಆಯ್ಕೆ ಹಾಕಿದ್ದರೆ ಲಾಕ್ ಆಗಿರುವಾಗ ಓದಲು ಹೋದಾಗ ಮೈನಸ್ 25308 ಎಂಬ ದೋಷ ಬರುತ್ತದೆ. ಟೋಕನ್ ಇದೆ, ಆದರೆ ಈಗ ಕೊಡಲಾಗದು ಎಂದು ಅದರ ಅರ್ಥ. ನಿಜವಾಗಿಯೂ ಇಲ್ಲ ಎಂದರೆ ಬರುವುದು ಮೈನಸ್ 25300. ಬಹಳಷ್ಟು ಕೀಚೈನ್ ಲೈಬ್ರರಿ ಹೊದಿಕೆಗಳು ಎರಡಕ್ಕೂ ನಿಲ್ (ಏನೂ ಇಲ್ಲ) ಎಂದು ಕೊಟ್ಟುಬಿಡುತ್ತವೆ. ಆ್ಯಪ್ ಅದನ್ನು ಲಾಗಿನ್ ಇಲ್ಲ ಎಂದು ಓದಿಕೊಳ್ಳುತ್ತದೆ. ಪರದೆ ಬೆಳಗಿದಾಗ ಎಂದೂ ಕಾಣದ, ಜೇಬಿನಲ್ಲಿದ್ದಾಗ ಮಾತ್ರ ಆಗುವ ಲಾಗ್‌ಔಟ್ ದೂರುಗಳ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ. 'ಆಫ್ಟರ್ ಫಸ್ಟ್ ಅನ್‌ಲಾಕ್ ದಿಸ್ ಡಿವೈಸ್ ಓನ್ಲಿ' ಹಾಕಿ, ಎರಡು ದೋಷಗಳನ್ನೂ ಬೇರೆ ಬೇರೆಯಾಗಿ ನೋಡಿ. ಬ್ಯಾಟರಿ ಸತ್ತು ಪವರ್‌ಬ್ಯಾಂಕ್ ಹಾಕಿ ಫೋನ್ ಎದ್ದಾಗ, ಸವಾರ ಒಮ್ಮೆ ಪಾಸ್‌ಕೋಡ್ ಒತ್ತುವವರೆಗೆ ಇದೂ ಸಿಗುವುದಿಲ್ಲ. ಆಗ ಮಾಡಬೇಕಾದದ್ದು ಕಾಯುವುದಷ್ಟೇ.

ಆ್ಯಪ್ ಅಳಿಸಿದರೂ ಕೀಚೈನಿನಲ್ಲಿದ್ದದ್ದು ಉಳಿಯುತ್ತದೆ ಎಂಬುದೂ ನೆನಪಿರಲಿ. ಮತ್ತೆ ಹಾಕಿಕೊಂಡವರಿಗೆ ಹಳೆಯ ಟೋಕನ್ ಎದುರಾಗುತ್ತದೆ. ಮೊದಲ ಓಟವೇ ಎಂದು, ಆ್ಯಪ್ ಜೊತೆಗೇ ಅಳಿಯುವ ಯೂಸರ್‌ಡಿಫಾಲ್ಟ್ಸ್‌ನಲ್ಲಿ ಗುರುತಿಟ್ಟು ನೋಡಿ ಕೀಚೈನ್ ತೊಳೆದುಕೊಳ್ಳಿ.

ಆಂಡ್ರಾಯ್ಡ್‌ನಲ್ಲಿ ಟೋಕನ್ ಇಡಲು ಎನ್‌ಕ್ರಿಪ್ಟೆಡ್ ಶೇರ್ಡ್ ಪ್ರಿಫರೆನ್ಸಸ್ ಈಗ ಕೈಬಿಟ್ಟ ದಾರಿ. ಕೀಸ್ಟೋರ್‌ನಲ್ಲಿ (ಕೀಲಿಗಳ ಭದ್ರ ಜಾಗ) ಎಇಎಸ್-ಜಿಸಿಎಂ ಗೂಢಲಿಪಿ ಕೀಲಿ, ಅದರಿಂದ ಗೂಢಲಿಪಿ ಮಾಡಿದ ಟೋಕನ್ ಡೇಟಾಸ್ಟೋರ್‌ನಲ್ಲಿ ಎಂದಿದ್ದರೆ ಸಾಕು. ಆ ಫೈಲನ್ನು ಆಟೋ ಬ್ಯಾಕಪ್‌ನಿಂದ ಹೊರಗಿಡಲೇಬೇಕು. ಇಲ್ಲದಿದ್ದರೆ ಹೊಸ ಫೋನಿಗೆ ಫೈಲ್ ಬರುತ್ತದೆ, ಕೀಲಿ ಬರುವುದಿಲ್ಲ, ತೆರೆಯಲು ಹೋದ ಆ್ಯಪ್ ಶುರುವಾಗುವಾಗಲೇ ಬೀಳುತ್ತದೆ.

ರಿಫ್ರೆಶ್ ಎಲ್ಲಿ ಕೆಡುತ್ತದೆ

ಸ್ಟ್ರಾವಾ ಆಕ್ಸೆಸ್ ಟೋಕನ್ ಜೊತೆಗೆ ಎಕ್ಸ್‌ಪೈರ್ಸ್ ಅಟ್ ಮತ್ತು ಎಕ್ಸ್‌ಪೈರ್ಸ್ ಇನ್ ಎಂದು ಎರಡು ಸಂಖ್ಯೆ ಕೊಡುತ್ತದೆ. ಮೊದಲನೆಯದು ಯುನಿಕ್ಸ್ ಸಮಯ, ಸೆಕೆಂಡಿನಲ್ಲಿ. ಜಾವಾದ ಗಡಿಯಾರ ಮಿಲಿಸೆಕೆಂಡಿನಲ್ಲಿ. ಎರಡನ್ನೂ ನೇರ ಹೋಲಿಸಿದರೆ ಟೋಕನ್ ಸದಾ ಮುಗಿದಂತೆಯೇ ಕಂಡು ಪ್ರತಿ ಕರೆಗೂ ರಿಫ್ರೆಶ್ ಓಡುತ್ತದೆ. ಒಂದು ಗಂಟೆಗಿಂತ ಹೆಚ್ಚು ಆಯಸ್ಸು ಉಳಿದಿದ್ದರೆ ಸ್ಟ್ರಾವಾ ಇರುವ ಟೋಕನನ್ನೇ ಮರಳಿ ಕೊಡುವುದರಿಂದ ಈ ದೋಷ ಮೇಲ್ನೋಟಕ್ಕೆ ಗೊತ್ತೇ ಆಗುವುದಿಲ್ಲ, ನಿಧಾನವಾಗಿದೆ ಎಂದಷ್ಟೇ ಅನ್ನಿಸುತ್ತದೆ. ಫೋನಿನ ಕಡೆಯಲ್ಲಿ ಗಡಿಯಾರವನ್ನೇ ನಂಬಬೇಡಿ, ಬಳಕೆದಾರ ಸಮಯ ಬದಲಿಸಿರಬಹುದು. ಟೋಕನ್ ಬಂದ ಕ್ಷಣದಿಂದ ಎಷ್ಟು ಹೊತ್ತು ಕಳೆಯಿತು ಎಂದು ಎಲ್ಯಾಪ್ಸ್ಡ್ ರಿಯಲ್‌ಟೈಮ್‌ನಂಥ ಹಿಂದೆ ಸರಿಯದ ಗಡಿಯಾರದಲ್ಲಿ ಅಳೆಯಿರಿ. ಫೋನ್ ರೀಬೂಟ್ ಆದರೆ ಆ ಲೆಕ್ಕ ಸೊನ್ನೆಯಾಗುತ್ತದೆ, ಆಗ ನೇರ ರಿಫ್ರೆಶ್ ಮಾಡಿ.

ಹೊಸ ರಿಫ್ರೆಶ್ ಟೋಕನ್ ಬಂದರೆ ಹಳೆಯದು ಆ ಕ್ಷಣವೇ ರದ್ದು. ಆದ್ದರಿಂದ ಇಬ್ಬರು ಒಟ್ಟಿಗೆ ರಿಫ್ರೆಶ್‌ಗೆ ಹೋಗಬಾರದು. ಮೂರು ರೈಡ್ ಒಟ್ಟಿಗೆ ಅಪ್‌ಲೋಡ್‌ಗೆ ನಿಂತಿವೆ ಎನ್ನಿ. ಮೂರಕ್ಕೂ 401 ಬಂತು, ಮೂವರೂ ಅದೇ ಹಳೆಯ ರಿಫ್ರೆಶ್ ಟೋಕನ್ ಹಿಡಿದು ಓಡಿದರು. ಮೊದಲನೆಯವನಿಗೆ ಹೊಸದು ಸಿಕ್ಕಿತು, ಉಳಿದಿಬ್ಬರಿಗೆ ಇನ್‌ವ್ಯಾಲಿಡ್ ಗ್ರಾಂಟ್, ಅಂದರೆ ಈ ಟೋಕನ್ ಸಲ್ಲದು ಎಂಬ ದೋಷ. ಸೋತವನು ಲಾಗ್‌ಔಟ್ ಕರೆದರೆ ಗೆದ್ದವನ ಟೋಕನೂ ಹೋಯಿತು. ಪರಿಹಾರ ಸರಳ. ರಿಫ್ರೆಶ್‌ಗೆ ಒಂದೇ ಬೀಗ ಇರಲಿ. ಬೀಗ ಸಿಕ್ಕಿದ ಮೇಲೆ ಉಗ್ರಾಣದಲ್ಲಿರುವ ಟೋಕನ್ ಇನ್ನೊಮ್ಮೆ ಓದಿ, 401 ಬಂದ ಕರೆಯಲ್ಲಿದ್ದ ಟೋಕನ್‌ಗೆ ಹೋಲಿಸಿ. ಬೇರೆಯಾಗಿದ್ದರೆ ಯಾರೋ ಆಗಲೇ ತಂದಿದ್ದಾರೆ, ಅದನ್ನೇ ಬಳಸಿ. ನೆಟ್‌ವರ್ಕ್ ಲೈಬ್ರರಿ ಓಕೆಎಚ್‌ಟಿಟಿಪಿಯ ಅಥೆಂಟಿಕೇಟರ್ ಒಳಗೆ ಇದನ್ನು ಬರೆಯಲು ಹತ್ತು ಸಾಲು ಸಾಕು. ಸರ್ವರಿನಲ್ಲಿ ಹಲವು ಪ್ರೊಸೆಸ್ ಇದ್ದರೆ ಮೆಮೊರಿಯ ಬೀಗ ಸಾಲದು, ಆ ಬಳಕೆದಾರನ ಸಾಲನ್ನು ಡೇಟಾಬೇಸಿನಲ್ಲೇ ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿ ಹಿಡಿಯಿರಿ. ಹೊಸ ಜೋಡಿಯನ್ನು ಉಳಿಸಿದ ಮೇಲೆಯೇ ಬಳಸಿ.

ಇನ್ನೊಂದು ಕಡೆ ಇದಕ್ಕಿಂತ ಕಷ್ಟ. ಚಾರ್ಮಾಡಿ, ಆಗುಂಬೆಯಂಥ ಘಾಟಿಯಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಫೋನ್ ರಿಫ್ರೆಶ್ ಕೇಳಿತು, ನಿಮ್ಮ ಸರ್ವರ್ ಹಳೆಯದನ್ನು ರದ್ದು ಮಾಡಿ ಹೊಸದು ಕಳಿಸಿತು, ಉತ್ತರ ಫೋನಿಗೆ ತಲುಪುವ ಮುಂಚೆ ಸಿಗ್ನಲ್ ಹೋಯಿತು. ಈಗ ಫೋನಿನ ಬಳಿ ಇರುವುದು ರದ್ದಾದ ಟೋಕನ್. ಮೂವತ್ತು ಸೆಕೆಂಡಿನ ವಿನಾಯಿತಿ ಇಟ್ಟರೆ ನಗರದಲ್ಲಿ ನಡೆಯುತ್ತದೆ, ಘಾಟಿಯಲ್ಲಿ ಸಿಗ್ನಲ್ ಇಲ್ಲದೆ ಅರ್ಧ ಗಂಟೆ ಹೋಗಬಹುದು. ಈ ಜೋಡಿ ನಿಮ್ಮದೇ ಆದ್ದರಿಂದ ನಿಯಮವೂ ನಿಮ್ಮದೇ: ಹೊಸ ಟೋಕನ್ ಮೊದಲ ಸಲ ಬಳಕೆಯಾಗುವವರೆಗೂ ಅದರ ಹಿಂದಿನದು ಬದುಕಿರಲಿ. ಅದಕ್ಕೂ ಹಿಂದಿನದು ಯಾವುದಾದರೂ ಬಂದರೆ ಕದ್ದದ್ದೆಂದು ತಿಳಿದು ಆ ಲಾಗಿನ್‌ನಿಂದ ಬಂದ ಟೋಕನ್‌ಗಳೆಲ್ಲವನ್ನೂ ರದ್ದು ಮಾಡಿ.

ಎಲ್ಲ 401ಕ್ಕೂ ರಿಫ್ರೆಶ್ ಮದ್ದಲ್ಲ. ಆಗಲೇ ಹೇಳಿದ ಆಕ್ಟಿವಿಟಿ ರೈಟ್ ಇಲ್ಲದಿದ್ದರೂ ಸ್ಟ್ರಾವಾ 401 ಕೊಡುತ್ತದೆ. ಉತ್ತರದ ಒಳಗೆ ಎರರ್ಸ್ ಪಟ್ಟಿ ಬಿಚ್ಚಿ ನೋಡಿ: ಕೋಡ್ 'ಇನ್‌ವ್ಯಾಲಿಡ್' ಎಂದಿದ್ದರೆ ಟೋಕನ್ ಹೋಗಿದೆ, 'ಮಿಸ್ಸಿಂಗ್' ಎಂದಿದ್ದರೆ ಅನುಮತಿ ಇಲ್ಲ. ಎರಡನೆಯದಕ್ಕೆ ರಿಫ್ರೆಶ್ ಮಾಡಿದರೆ ಅದೇ ಅನುಮತಿಯ ಟೋಕನ್ ಬರುತ್ತದೆ, ಮತ್ತೆ 401, ಮತ್ತೆ ರಿಫ್ರೆಶ್. ಒಂದು ಕರೆಗೆ ಒಂದೇ ರಿಫ್ರೆಶ್ ಎಂದು ಮಿತಿ ಹಾಕಿ, ಅನುಮತಿಗೆ ಒಪ್ಪಿಗೆಯ ಪರದೆಯನ್ನು ಅಪ್ರೂವಲ್ ಪ್ರಾಂಪ್ಟ್ ಫೋರ್ಸ್ ಎಂದು ಮತ್ತೆ ತೋರಿಸಿ. ಬಳಕೆದಾರ ಸ್ಟ್ರಾವಾ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಆ್ಯಪ್ ತೆಗೆದರೆ ವೆಬ್‌ಹುಕ್‌ನಲ್ಲಿ (ಸ್ಟ್ರಾವಾ ತಾನಾಗಿ ನಿಮ್ಮ ಸರ್ವರ್‌ಗೆ ಮಾಡುವ ಕರೆ) ಆಥರೈಸ್ಡ್ ಫಾಲ್ಸ್ ಎಂದು ಸುದ್ದಿ ಬರುತ್ತದೆ. 2 ಸೆಕೆಂಡಿನೊಳಗೆ 200 (ಸರಿ) ಎಂಬ ಉತ್ತರ ಕೊಟ್ಟು, ಟೋಕನ್ ಅಳಿಸುವ ಕೆಲಸವನ್ನು ಆಮೇಲೆ ಮಾಡಿ.

ಅಪ್‌ಲೋಡ್

ಐಫೋನಿನಲ್ಲಿ ಹಿನ್ನೆಲೆಯಲ್ಲೇ ಫೈಲ್ ಕಳಿಸುವ ಬ್ಯಾಕ್‌ಗ್ರೌಂಡ್ ಯುಆರ್‌ಎಲ್‌ಸೆಷನ್‌ಗೆ ಕೆಲಸ ಒಪ್ಪಿಸುವಾಗ ಹೆಡರ್‌ನಲ್ಲಿದ್ದ ಟೋಕನ್ ಅಲ್ಲಿಗೇ ಗಟ್ಟಿಯಾಯಿತು. ವೈಫೈ ಸಿಕ್ಕಿ ಫೈಲ್ ನಿಜವಾಗಿ ಹೊರಡುವುದು ರಾತ್ರಿ ಆಗಬಹುದು, ಅಷ್ಟರಲ್ಲಿ ಆ ಟೋಕನ್ ಮುಗಿದಿರುತ್ತದೆ. ಇದಕ್ಕೆ ಒಳ್ಳೆಯ ದಾರಿ: ಸರ್ವರಿನಿಂದ ಆ ಒಂದು ರೈಡ್‌ಗೆ ಮಾತ್ರ ಸಲ್ಲುವ, 24 ಗಂಟೆ ಬಾಳುವ ಅಪ್‌ಲೋಡ್ ಟೋಕನ್ ಪಡೆಯುವುದು. ಕದ್ದವನಿಗೂ ಅದರಿಂದ ಒಂದು ಫೈಲ್ ಹಾಕುವುದಷ್ಟೇ ಸಾಧ್ಯ. ಆಂಡ್ರಾಯ್ಡ್‌ನಲ್ಲಿ ವರ್ಕ್‌ಮ್ಯಾನೇಜರ್ ಕೆಲಸ ಶುರುವಾದಾಗಲೇ ನಿಮ್ಮ ಕೋಡ್ ಓಡುವುದರಿಂದ ಟೋಕನನ್ನು ಆಗ ಓದಿ, ಕೆಲಸದ ಇನ್‌ಪುಟ್ ಡೇಟಾದಲ್ಲಿ ತುಂಬಿ ಕಳಿಸಬೇಡಿ.

ಸರ್ವರಿನಿಂದ ಸ್ಟ್ರಾವಾಗೆ ಕಳಿಸುವಾಗ ಎಕ್ಸ್‌ಟರ್ನಲ್ ಐಡಿಗೆ ಆ ಯುಯುಐಡಿ ಹಾಕಿ. ಉತ್ತರ ಕಳೆದುಹೋಗಿ ಎರಡನೇ ಸಲ ಕಳಿಸಿದಾಗ 'ಡುಪ್ಲಿಕೇಟ್' ಎಂದು ದೋಷ ಬಂದರೆ ಅದು ಯಶಸ್ಸೇ, ಹಾಗೆಂದೇ ದಾಖಲಿಸಿ. ಸಂಸ್ಕರಣೆ ಮುಗಿಯಿತೇ ಎಂದು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಕೇಳಬಾರದು. ಕರೆಗಳ ಮಿತಿ ಬಳಕೆದಾರನಿಗಲ್ಲ, ಇಡೀ ಆ್ಯಪ್‌ಗೆ; ಸಾಮಾನ್ಯವಾಗಿ 15 ನಿಮಿಷಕ್ಕೆ 200, ದಿನಕ್ಕೆ 2000. ದಿನದ ಲೆಕ್ಕ ಯುಟಿಸಿ ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಿಗ್ಗೆ 5:30ಕ್ಕೆ ಸೊನ್ನೆಯಾಗುತ್ತದೆ. ಭಾನುವಾರ ನಂದಿಬೆಟ್ಟ ಹತ್ತಿಳಿದವರೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅಪ್‌ಲೋಡ್ ಒತ್ತುತ್ತಾರೆ, ಸರತಿ ಸಾಲು ಸರ್ವರಿನಲ್ಲಿರಲಿ. 429 (ಮಿತಿ ಮೀರಿದೆ) ಬಂದರೆ ಅದು ಟೋಕನ್ ದೋಷವಲ್ಲ, ಮುಂದಿನ ಕಾಲು ಗಂಟೆಯವರೆಗೆ ಸುಮ್ಮನಿರಿ.

ಲಾಗ್ ಬರೆಯುವಾಗ ಆಥರೈಸೇಶನ್ ಹೆಡರ್ ಮುಚ್ಚುವುದು ಎಲ್ಲರಿಗೂ ನೆನಪಿರುತ್ತದೆ. ಬಾಡಿ ಮಟ್ಟದ ಲಾಗ್ ತೆರೆದಿದ್ದರೆ ರಿಫ್ರೆಶ್‌ನ ಉತ್ತರವೇ ಪೂರ್ತಿ ಅಚ್ಚಾಗುತ್ತದೆ, ಅದು ಮರೆತುಹೋಗುತ್ತದೆ.

ಬಿಡುಗಡೆಗೆ ಮುಂಚೆ ಪರೀಕ್ಷಾ ಸರ್ವರಿನಲ್ಲಿ ಆಕ್ಸೆಸ್ ಟೋಕನ್ ಆಯಸ್ಸನ್ನು 2 ನಿಮಿಷಕ್ಕೆ ಇಳಿಸಿ ಒಂದು ಗಂಟೆ ರೈಡ್ ಮಾಡಿ. ಫೋನ್ ಲಾಕ್ ಇರಲಿ. ಮಧ್ಯೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಒಮ್ಮೆ ರೀಬೂಟ್ ಮಾಡಿ, ಸ್ಟ್ರಾವಾದಲ್ಲಿ ಆ್ಯಪ್‌ನ ಅನುಮತಿ ಕಿತ್ತುಹಾಕಿ, ಆಮೇಲೆ ಮೂರು ರೈಡ್ ಒಟ್ಟಿಗೆ ಕಳಿಸಿ. ಕೊನೆಗೆ ಎಲ್ಲ ಟೋಕನ್ ರದ್ದು ಮಾಡಿ ಆ್ಯಪ್ ತೆರೆಯಿರಿ: ರೈಡ್ ಪಟ್ಟಿ ಕಾಣಬೇಕು, ಪ್ರತಿಯೊಂದರ ಪಕ್ಕ ಜಿಪಿಎಕ್ಸ್ (ರೈಡ್‌ನ ದಾರಿ ಇರುವ) ಫೈಲ್ ಹೊರತೆಗೆಯುವ ಬಟನ್ ಕೆಲಸ ಮಾಡಬೇಕು. ಆ ಫೈಲ್ 25 ಎಂಬಿಯೊಳಗಿದ್ದರೆ ಸವಾರ ಸ್ಟ್ರಾವಾ ವೆಬ್‌ಸೈಟಿಗೆ ಹೋಗಿ ತಾನೇ ಹಾಕಿಕೊಳ್ಳಬಹುದು.